ವೆಂಬಿಯ ನೀರಿಳಿಸುವವರು

ಬ್ಯಾಸ್ಕೆಟ್‌ಬಾಲ್ ಆಡುವ ಫ್ರಾನ್ಸ್‌ನ ಒಬ್ಬ ಹುಡುಗನಿಂದ ಚಿಕ್ಕಬಳ್ಳಾಪುರಕ್ಕೆ ಭಾರಿ ನಿರಾಸೆಯಾಗಿದೆ. ಹೆಸರು ವಿಕ್ಟರ್ ವೆಂಬನ್ಯಾಮ. ಅಭಿಮಾನಿಗಳಿಗೆ ವೆಂಬಿ. 7 ಅಡಿ ದಾಟಿದ ಆಳು. ಬೋರ್‌ವೆಲ್ 1,000 ಅಡಿ ಇಳಿದರೂ ಧೂಳೇ ಕಾಣುವ ನಮ್ಮ ಕಡೆ 7 ಅಡಿ ಅಂದರೆ ಯಾರಿಗೂ ಅಂಥ ಅಚ್ಚರಿ ಇಲ್ಲ, ಬಿಡಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎದ ತಂಡಗಳು ಹೊಸಬರನ್ನು ಸರದಿಯಲ್ಲಿ ಆರಿಸಿಕೊಳ್ಳುವ 2023ರ ಡ್ರಾಫ್ಟ್‌ನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ ಮೊಟ್ಟಮೊದಲು ಆರಿಸಿಕೊಂಡಿದ್ದು ಇವನನ್ನೇ. ಅವತ್ತಿನಿಂದ ಬಿ.ಬಿ. ರಸ್ತೆಯ ಟೀ ಅಂಗಡಿಯೊಂದರಲ್ಲಿ ಅವನ ಲೆಕ್ಕ ನೋಡುವ ಕೆಲಸ ನಡೆದಿದೆ. ಅಮೆರಿಕದ ರಾತ್ರಿ ನಮಗೆ ಬೆಳಗ್ಗೆ. ಹಲ್ಲುಜ್ಜುವ ಮೊದಲೇ ತೀರ್ಪು ರೆಡಿ.

ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 21.4 ಪಾಯಿಂಟ್, 10.6 ರಿಬೌಂಡ್ (ಬುಟ್ಟಿಗೆ ಬೀಳದ ಚೆಂಡು ಹಿಡಿಯುವುದು), 3.6 ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು). ಆ ವರ್ಷದ ಹೊಸ ಆಟಗಾರನ ಪ್ರಶಸ್ತಿಗೆ ಮೊದಲ ಸ್ಥಾನದ ವೋಟೆಲ್ಲ ಅವನಿಗೇ.

“ಅದೆಲ್ಲ ಸರಿ ಗುರೂ, ಟೀಮ್ ಎಷ್ಟು ಗೆದ್ದಿತು?” ಎಂದರು ರೇಷ್ಮೆಗೂಡಿನ ವ್ಯಾಪಾರದ ಅಣ್ಣ. ಮಾತಿನಲ್ಲಿ ಹುರುಳಿದೆ. ಅವನು ಬರುವ ಹಿಂದಿನ ವರ್ಷ ಸ್ಪರ್ಸ್ 82ರಲ್ಲಿ 22 ಪಂದ್ಯ ಗೆದ್ದಿತ್ತು. ಬಂದ ವರ್ಷವೂ 22. ಐದು ಜನ ಆಡುವ ಆಟ ಅಲ್ವಾ ಅಂತ ಯಾರೋ ಹೇಳಲು ಹೋದರು. ಅವರಿಗೆ ಬನ್ ಕೊಟ್ಟು ಕೂರಿಸಿದರು.

2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅಮೆರಿಕದ ಎದುರು 26 ಪಾಯಿಂಟ್ ಹಾಕಿದ. ಫ್ರಾನ್ಸ್‌ಗೆ ಬೆಳ್ಳಿ. “ಚಿನ್ನ ಎಲ್ಲಿ?” 2025ರ ಫೆಬ್ರವರಿಯಲ್ಲಿ ಬಲಭುಜದಲ್ಲಿ ರಕ್ತ ಹೆಪ್ಪುಗಟ್ಟಿ ಆ ಸೀಸನ್ 46 ಪಂದ್ಯಕ್ಕೇ ಮುಗಿಯಿತು. “ದೊಡ್ಡ ಆಟಗಾರರು ನೆಪ ಹೇಳಲ್ಲ.” ಹೀಗೆಂದವರು ಒಂದು ಮಹಡಿ ಹತ್ತುವುದರೊಳಗೆ ಎರಡು ಸಲ ಕೂರುವವರು.

ಇಷ್ಟು ಕಟ್ಟುನಿಟ್ಟಿನ ಜನ ಎತ್ತಿನಹೊಳೆ ನೀರಿನ ಯೋಜನೆಯ ಮಾತು ಬಂದರೆ ಎಷ್ಟು ಮೆತ್ತಗಾಗುತ್ತಾರೆ ನೋಡಬೇಕು.

2014ರಲ್ಲಿ ಇದೇ ಚಿಕ್ಕಬಳ್ಳಾಪುರದಲ್ಲಿ ಅದಕ್ಕೆ ಶಂಕುಸ್ಥಾಪನೆ ಆಯಿತು. ಆಗ ವೆಂಬಿಗೆ 10 ವರ್ಷ. ಪಶ್ಚಿಮ ಘಟ್ಟದಲ್ಲಿ 24.01 ಟಿಎಂಸಿ ನೀರು ಎತ್ತಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ತರುವ ಲೆಕ್ಕ. ಹುಡುಗ ಬೆಳೆದ. ಯೋಜನೆಯೂ ಬೆಳೆಯಿತು. 8,323 ಕೋಟಿ ಇದ್ದದ್ದು 12,912 ಕೋಟಿ ಆಯಿತು, ಅಲ್ಲಿಂದ 23,251 ಕೋಟಿ. ಇದರ ಮುಂದೆ ವೆಂಬಿ ಕುಳ್ಳ.

2024ರ ಗೌರಿ ಹಬ್ಬದ ದಿನ ಸಕಲೇಶಪುರದ ಕಡೆ ಮೊದಲ ಹಂತಕ್ಕೆ ಚಾಲನೆ ಕೊಟ್ಟರು. ನೀರೇನೋ ಚಿಮ್ಮಿತು. ನಮ್ಮ ಕಡೆಯ ಕಾಲುವೆ ಮುಗಿದಿರಲಿಲ್ಲ. ಹಾಗಾಗಿ ಅದು ಚಿತ್ರದುರ್ಗ ಜಿಲ್ಲೆಯ ವಾಣಿ ವಿಲಾಸ ಸಾಗರದ ದಾರಿ ಹಿಡಿಯಿತು. ಅಂಗಡಿಯಲ್ಲಿ ಯಾರೂ ಬೈಯಲಿಲ್ಲ. “ಒಳ್ಳೆ ಪಾಸ್” ಎಂದರು.

ಭೂಸ್ವಾಧೀನ, ಅರಣ್ಯ ಇಲಾಖೆಯ ಒಪ್ಪಿಗೆ, ಭೈರಗೊಂಡ್ಲು ಜಲಾಶಯದ ಪರಿಹಾರದ ತಕರಾರು, ಇವೆಲ್ಲ ಕಾರಣಗಳು. ಭುಜದಲ್ಲಿ ರಕ್ತ ಹೆಪ್ಪುಗಟ್ಟಿದ್ದು ನೆಪ. ಆಟ ಗೊತ್ತಿದ್ದವರಿಗೆ ಈ ವ್ಯತ್ಯಾಸ ಗೊತ್ತಿರುತ್ತದೆ.

ಸದ್ಯಕ್ಕೆ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ, ಹೆಬ್ಬಾಳ-ನಾಗವಾರ ಕಣಿವೆಯಿಂದ ನಮ್ಮ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತವೂ ಬೇಕು ಅಂತ ಹೋರಾಡುವವರಿದ್ದಾರೆ. ಟೀ ಅಂಗಡಿಯ ಪ್ರಕಾರ ಅವರಿಗೆ ತಾಳ್ಮೆ ಇಲ್ಲ.

ಮೊನ್ನೆ ಒಬ್ಬ ಕಾಲೇಜು ಹುಡುಗ ಮಧ್ಯೆ ಬಾಯಿ ಹಾಕಿದ. “ಅಂಕಲ್, ವೆಂಬಿಗೆ ಇನ್ನೆಷ್ಟು ಟೈಮ್ ಕೊಡ್ತೀರಾ?”

“ಒಂದು ಸೀಸನ್. ಆಮೇಲೆ ಬೇರೆ ಟೀಮ್‌ಗೆ ಟ್ರೇಡ್ ಮಾಡಿ ಕೈ ತೊಳ್ಕೊಳ್ಳಲಿ.”

“ಎತ್ತಿನಹೊಳೆಗೆ?”

“ನೀನಿನ್ನೂ ಚಿಕ್ಕವನು. ದೊಡ್ಡ ಕೆಲಸ ಕಣಪ್ಪಾ ಅದು, ನಿಧಾನಕ್ಕೆ ಆಗುತ್ತೆ.”

ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂದು ಹಾರ್ನ್ ಹೊಡೆಯಿತು. ಎಲ್ಲರೂ ಎದ್ದು ಬೈಕುಗಳನ್ನು ಪಕ್ಕಕ್ಕೆ ತಳ್ಳಿದರು. ಅಂಗಡಿಯವನು ಟ್ಯಾಂಕರ್ ದುಡ್ಡು ಎಣಿಸಿ ಕೊಟ್ಟ. ಕೊಟ್ಟವನೇ ಟೀಗೆ ಎರಡು ರೂಪಾಯಿ ಏರಿಸಿದ. ಎಲ್ಲರೂ ಮರುಮಾತಿಲ್ಲದೆ ಕೊಟ್ಟು, ಮತ್ತೆ ಕೂತು, ವೆಂಬಿಯನ್ನು ಬೈಯಲು ಶುರು ಮಾಡಿದರು.