ದಿನಾಂಕದ ಮುಂದೆ ಇನ್ನೂ 19

ಮಗಳನ್ನು ಈಜು ಕಲಿಯಲು ಹಾಕಬೇಕಿತ್ತು. ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಒಂದು ಸಣ್ಣ ಊರು. ಇಲ್ಲಿ ಈಜಿಗೆ, ಹಾಡಿಗೆ, ಫುಟ್‌ಬಾಲಿಗೆ, ಕೊನೆಗೆ ಮೊಲ ಸಾಕುವುದಕ್ಕೂ ಒಂದೊಂದು ಸಂಘ ಇರುತ್ತೆ. ಈಜಿನ ಸಂಘದವರು ಈಮೇಲಿನಲ್ಲಿ ಒಂದು ಪಿಡಿಎಫ್ ಕಳಿಸಿದರು. ಫಾರ್ಮ್ ಅಂದ ಕೂಡಲೇ ಕೈ ತಾನಾಗಿಯೇ ಪ್ರಿಂಟರ್ ಕಡೆ ಹೋಯಿತು. ಗದಗಿನಲ್ಲಿ ಬೆಳೆದವನ ಕೈ ಅಲ್ವಾ.

ಆದರೆ ತುಂಬಲು ಅದನ್ನು ಪ್ರಿಂಟ್ ಮಾಡುವ ಅಗತ್ಯವೇ ಬರಲಿಲ್ಲ. ಹೆಸರಿನ ಖಾನೆ ಮುಟ್ಟಿದರೆ ಟೈಪ್ ಮಾಡಲು ಬಂತು. ಹುಟ್ಟಿದ ತಾರೀಖು ಬರೆದರೆ ಮಗು ಯಾವ ಗುಂಪಿಗೆ ಸೇರುತ್ತೆ ಅಂತ ಕೆಳಗೆ ತಾನೇ ತೋರಿಸಿತು. ಅಲರ್ಜಿ ಇದೆಯಾ ಎಂಬಲ್ಲಿ ಹೌದು ಅಂತ ಗುರುತು ಹಾಕಿದಾಗ ಮಾತ್ರ ಇನ್ನೊಂದು ಖಾನೆ ತೆರೆಯಿತು. ಇಲ್ಲಿನ ಬ್ಯಾಂಕ್ ಖಾತೆಯ ಸಂಖ್ಯೆ 22 ಅಕ್ಷರದ್ದು. ಅದಕ್ಕೆ ಸರಿಯಾಗಿ 22 ಚಿಕ್ಕ ಮನೆಗಳು. ನಾನು ಒಂದು ಅಂಕಿ ಅದಲು ಬದಲು ಮಾಡಿದೆ. ತಪ್ಪಿದೆ, ನೋಡಿ ಅಂತು. ಹತ್ತು ನಿಮಿಷದ ಕೆಲಸ.

ದೊಡ್ಡ ಕಂಪನಿ ಮಾಡಿದ್ದಲ್ಲ ಅದು. ಮಾಡಿದವರು ಸಂಘದ ಖಜಾಂಚಿ. ಎಪ್ಪತ್ತು ದಾಟಿದವರು, ಮೊದಲು ಬಸ್ ಓಡಿಸುತ್ತಿದ್ದರಂತೆ. ಈಜುಕೊಳದ ಹತ್ತಿರ ಸಿಕ್ಕಾಗ ಹೊಗಳಿದೆ. ಅವರು ಉಬ್ಬಲಿಲ್ಲ. ‘ಜನರ ಕೈಬರಹ ನನಗೆ ಓದಲು ಬರುತ್ತಿರಲಿಲ್ಲ. ಒಂದು ಅಂಕಿ ತಪ್ಪಿದರೂ ಹಣ ಬರಲ್ಲ, ಮತ್ತೆ ಎಲ್ಲರಿಗೂ ಫೋನ್ ಮಾಡುತ್ತಾ ಕೂರಬೇಕು. ಅದಕ್ಕೇ ಕಲಿತೆ’ ಅಂದರು. ಕಳಿಸುವ ಮೊದಲು ಹೆಂಡತಿಯ ಕೈಲಿ ಒಮ್ಮೆ ತುಂಬಿಸಿ ನೋಡಿದ್ದರಂತೆ. ಆಕೆ ಎಲ್ಲಿ ಬೈದರೋ ಅಲ್ಲಿ ಬದಲಿಸಿದರಂತೆ.

ಅದೇ ವಾರ ಬೆಟಗೇರಿಯಿಂದ ಅಪ್ಪನ ಫೋನ್ ಬಂತು. ತೀರಿಹೋದ ಅಜ್ಜಿಯ ಹೆಸರಲ್ಲಿ ಒಂದು ಸೊಸೈಟಿಯಲ್ಲಿ ಶೇರು ಇದೆ. ಬಹಳ ಇಲ್ಲ, ಐದು ನೂರು ರೂಪಾಯಿಯದು. ಅದನ್ನು ಅಪ್ಪನ ಹೆಸರಿಗೆ ಮಾಡಬೇಕು. ‘ಫಾರ್ಮ್ ವಾಟ್ಸಾಪಿನಾಗ ಕಳಿಸ್ಯಾರ ತಮ್ಮಾ. ನನಗ ಅಕ್ಷರನ ಕಾಣವಲ್ದು. ನೀ ನೋಡಿ ಹೇಳ’ ಅಂದರು.

ನನಗೂ ಕಾಣಲಿಲ್ಲ. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸನ್ನು ಮೊಬೈಲಿನಲ್ಲಿ ಫೋಟೋ ಹೊಡೆದು ಪಿಡಿಎಫ್ ಮಾಡಿದ್ದರು. ಇಡೀ ಹಾಳೆ ಎಡಕ್ಕೆ ವಾಲಿತ್ತು. ಮೂಲೆಯಲ್ಲಿ ಯಾರದೋ ಹೆಬ್ಬೆರಳು. ತಲೆಯಲ್ಲಿ ‘ಜಿ: ಧಾರವಾಡ’ ಅಂತ ಅಚ್ಚಾಗಿತ್ತು. ಅದರ ಮೇಲೆ ಪೆನ್ನಿನ ಗೀಟು ಎಳೆದು ‘ಗದಗ’ ಅಂತ ಬರೆದಿದ್ದರು. ಆ ಗೀಟೂ ಜೆರಾಕ್ಸಿನಲ್ಲೇ ಬಂದದ್ದು. ಕೆಳಗೆ ದಿನಾಂಕದ ಜಾಗದಲ್ಲಿ ಎರಡು ಓರೆ ಗೆರೆ, ಆಮೇಲೆ 19.

ಗದಗ ಜಿಲ್ಲೆ ಆದದ್ದು 1997ರಲ್ಲಿ. ಪಿಡಿಎಫ್ ಒಳಗೆ ತುಂಬುವ ಖಾನೆ ಇಡುವ ಸೌಲಭ್ಯ ಬಂದದ್ದು 1996ರಲ್ಲಿ. ಅಂದರೆ ನಮ್ಮ ಊರು ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದಾಗಲೇ ಈ ವಿದ್ಯೆ ಇತ್ತು. ಬಸ್ ಡ್ರೈವರ್ ಅಜ್ಜನಿಗೆ ಸಿಕ್ಕಿದ್ದು ನಮ್ಮ ಸೊಸೈಟಿಗೆ ಯಾಕೆ ಸಿಗಲಿಲ್ಲ? ನನಗೆ ಸಿಟ್ಟು ಬಂತು. ಹೊರಗಿದ್ದವರಿಗೆ ಊರಿನ ಮೇಲೆ ಸಿಟ್ಟು ಬರೋದು ಸುಲಭ, ಗೊತ್ತು. ಆದರೂ ಬಂತು.

ಸೊಸೈಟಿ ಎಂಬ ವಿಚಾರವೇ ಈ ಕಡೆಯಿಂದ ನಮ್ಮ ಕಡೆ ಬಂದದ್ದು, ಅದು ಇನ್ನೊಂದು ತಮಾಷೆ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ರೈಫೈಸನ್ ಎಂಬವರು ರೈತರಿಗೆ ಸಾಲ ಕೊಡುವ ಸಂಘಗಳನ್ನು ಕಟ್ಟಿದರು. ಇಲ್ಲಿನ ಹಳ್ಳಿಗಳಲ್ಲಿ ಅವರ ಹೆಸರಿನ ಬ್ಯಾಂಕಿನ ಬೋರ್ಡು ಇವತ್ತಿಗೂ ಕಾಣುತ್ತೆ. ಆ ಮಾದರಿ ನೋಡಿ ಬ್ರಿಟಿಷರು 1904ರಲ್ಲಿ ಸಹಕಾರ ಕಾಯ್ದೆ ತಂದರು. ಮರುವರ್ಷವೇ ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಶುರು ಮಾಡಿದರು. ಅಷ್ಟು ಬೇಗ! ಹಡಗು, ಟಪಾಲಿನ ಕಾಲದಲ್ಲಿ ಒಂದು ವಿಚಾರ ಕಾಯ್ದೆಯಾದ ಒಂದೇ ವರ್ಷಕ್ಕೆ ಕಣಗಿನಹಾಳ ಮುಟ್ಟಿತು. ಇಂಟರ್ನೆಟ್ಟಿನ ಕಾಲದಲ್ಲಿ ಒಂದು ಖಾಲಿ ಖಾನೆ ಮುಟ್ಟಿಲ್ಲ. (ನಮ್ಮ ಅಜ್ಜಿಯ ಶೇರು ಇರುವ ಸೊಸೈಟಿ ಬೇರೆ. ಕಣಗಿನಹಾಳದವರು ಬೇಜಾರು ಮಾಡಿಕೊಳ್ಳಬೇಡಿ.)

ಶನಿವಾರ ಬೆಳಿಗ್ಗೆ ಕೂತೆ. ಈ ಫಾರ್ಮನ್ನು ನಾನೇ ಸರಿ ಮಾಡ್ತೀನಿ ಅಂತ ಹಟ. ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಯುತ್ತೆ ಅಂತ ಹೆಂಡತಿಗೆ ಹೇಳಿದ್ದೆ.

ಮೊದಲು ಇದ್ದ ಅಕ್ಷರಗಳನ್ನು ಹೊರಗೆ ತೆಗೆಯಬೇಕು. ಅಪ್ಪ ಕಳಿಸಿದ್ದು ಬರೀ ಫೋಟೋ. ಅದರೊಳಗೆ ಅಕ್ಷರ ಅಂತ ಏನೂ ಇಲ್ಲ, ಕಪ್ಪು ಬಿಳಿ ಚುಕ್ಕೆ ಅಷ್ಟೇ. ಚಿತ್ರ ನೋಡಿ ಅಕ್ಷರ ಗುರುತಿಸುವ ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶ ಇದೆ. ಕನ್ನಡವೂ ಅದಕ್ಕೆ ಬರುತ್ತೆ. ಆದರೆ ಆ ಹಾಳೆಯನ್ನು ಅದು ಓದಿದ ರೀತಿ ನೋಡಬೇಕಿತ್ತು. ‘ಮ’ ಇದ್ದಲ್ಲೆಲ್ಲ ‘ವು’ ಬಂತು. ಮುಳಗುಂದ ಹೋಗಿ ವುಳಗುಂದ ಆಯಿತು. ಅನುಸ್ವಾರ ಇದ್ದಲ್ಲಿ ಕನ್ನಡದ ಸೊನ್ನೆ ಕೂತಿತು. ಕಣ್ಣಿಗೆ ಎರಡೂ ಒಂದೇ ಥರ, ಕಂಪ್ಯೂಟರಿಗೆ ಬೇರೆ ಬೇರೆ. ಒತ್ತಕ್ಷರಗಳ ಕಥೆ ಬೇಡವೇ ಬೇಡ. ಹಾಳೆಯನ್ನು ನೆಟ್ಟಗೆ ತಿರುಗಿಸಿ, ಬೆಳಕು ಜಾಸ್ತಿ ಮಾಡಿ ಮತ್ತೆ ಕೊಟ್ಟ ಮೇಲೆ ಅರ್ಧಕ್ಕರ್ಧ ಸರಿಯಾಯಿತು. ಉಳಿದದ್ದನ್ನು ಕೈಯಲ್ಲೇ ತಿದ್ದಿದೆ.

ಜೊತೆಗೆ ಇನ್ನೊಂದು ಪಿಡಿಎಫ್ ಇತ್ತು. ಶೇರು ವರ್ಗಾವಣೆಯ ನಿಯಮಗಳದ್ದು. ಇದು ಟೈಪ್ ಮಾಡಿದ್ದು, ಅಕ್ಷರ ಮುತ್ತಿನ ಹಾಗೆ. ಬದುಕಿದೆ ಅಂದುಕೊಂಡು ಕಾಪಿ ಮಾಡಿ ಪೇಸ್ಟ್ ಮಾಡಿದೆ. ಬಂದದ್ದು ಇಂಗ್ಲಿಷ್ ಅಕ್ಷರ, ಅವುಗಳ ತಲೆ ಮೇಲೆ ಟೋಪಿ, ಚುಕ್ಕೆ, ಗೆರೆ. ‘ಕನ್ನಡ’ ಎಂಬ ಮಾತಿನ ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ! ಯೂರೋ ನಾಡಿನಲ್ಲಿ ಕೂತವನಿಗೆ ಇದೊಂದು ಬಾಕಿ ಇತ್ತು. ಹಳೇ ನುಡಿ ಫಾಂಟ್ ಬಳಸಿದವರಿಗೆ ಇದು ಗೊತ್ತಿರುತ್ತೆ. ಅದರಲ್ಲಿ ಕಂಪ್ಯೂಟರ್ ಒಳಗೆ ಇರುವುದು ಇಂಗ್ಲಿಷ್ ಚಿಹ್ನೆಗಳೇ, ಮೇಲೆ ಕನ್ನಡದ ಅಂಗಿ ತೊಡಿಸಿರುತ್ತಾರೆ. ಪೌಂಡ್ ಚಿಹ್ನೆಯ ಅಂಗಿ ನಮ್ಮ ‘ನ’. ಎಲ್ಲ ಭಾಷೆಯ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರಿಂದಲೇ ಇದೆ. ಆದರೂ ಕಚೇರಿಗಳಲ್ಲಿ ಹಳೇ ಕಂಪ್ಯೂಟರ್, ಹಳೇ ಆಪರೇಟರ್, ಹಳೇ ಫೈಲು. ಅಂಗಿ ಕಳಚಿ ಯೂನಿಕೋಡ್ ಮಾಡುವ ಪರಿವರ್ತಕ ಹುಡುಕಿ ಹಾಕಿದೆ. ಅರ್ಕಾವತ್ತು ಇರುವ ಕಡೆ ಮಾತ್ರ ಎಡವಿತು.

ತಪ್ಪು ಪಿಡಿಎಫ್‌ನದ್ದೂ ಅಲ್ಲ. 1993ರಲ್ಲಿ ಅಡೋಬಿಯವರು ಅದನ್ನು ಹೊರತಂದದ್ದು ಯಾವ ಕಂಪ್ಯೂಟರಿನಲ್ಲಿ ತೆರೆದರೂ ಹಾಳೆ ಒಂದೇ ಥರ ಕಾಣಲಿ, ಒಂದೇ ಥರ ಪ್ರಿಂಟ್ ಆಗಲಿ ಅಂತ. ನಮ್ಮ ಗದಗಿಗೆ ಮುದ್ರಣ ಕಾಶಿ ಅಂತಾರಲ್ಲ, ಅಲ್ಲಿನ ಹಳೇ ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸುತ್ತಿದ್ದವರಿಗೆ ಇದನ್ನು ಹೇಳಿದರೆ ತಕ್ಷಣ ತಿಳಿಯುತ್ತೆ. ಈ ಅಕ್ಷರ ಎಡದಿಂದ ಇಷ್ಟು ದೂರ, ಕೆಳಗಿನಿಂದ ಇಷ್ಟು ಎತ್ತರ. ಪಿಡಿಎಫ್‌ಗೆ ಗೊತ್ತಿರುವುದು ಹೆಚ್ಚುಕಡಿಮೆ ಅಷ್ಟೇ. ಇದು ಹೆಸರು, ಇದು ವಿಳಾಸ, ಇದು ಕೋಷ್ಟಕದ ಎರಡನೇ ಸಾಲು ಎಂಬುದನ್ನು ಯಾರಾದರೂ ಬೇರೆಯಾಗಿ ಹೇಳಿಕೊಟ್ಟರೆ ಮಾತ್ರ ಗೊತ್ತು. ಕೋಷ್ಟಕ ಅಂದರೆ ಅದಕ್ಕೆ ನಾಲ್ಕು ಗೀಟು.

ಸಂಜೆ ಆರಕ್ಕೆ ಫಾರ್ಮ್ ಸಿದ್ಧವಾಯಿತು. ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ಮಾಡಿದ್ದು, ಖಜಾಂಚಿ ಅಜ್ಜ ಹೇಳಿಕೊಟ್ಟ ದಾರಿಯೇ. ಜಿಲ್ಲೆ ಗದಗ. ದಿನಾಂಕದಲ್ಲಿ 20. ಶೇರುದಾರರ ಹೆಸರು, ವಾರಸುದಾರರ ಹೆಸರು, ಸಂಬಂಧ, ಎಲ್ಲಕ್ಕೂ ಮುಟ್ಟಿದರೆ ತೆರೆಯುವ ಖಾನೆ. ಅಪ್ಪನ ವಿವರ ನಾನೇ ತುಂಬಿ ಕಳಿಸಿದೆ. ಅವರು ಸುಮ್ನೆ ಪ್ರಿಂಟ್ ತೆಗೆದು ಸಹಿ ಮಾಡಿದರೆ ಸಾಕು.

ಹತ್ತು ನಿಮಿಷಕ್ಕೆ ಫೋನ್.

‘ಏನೂ ಇಲ್ಲಪಾ ಇದರಾಗ. ಎಲ್ಲಾ ಖಾಲಿ ಐತಿ. ಬರೇ ಹಾಳಿ ಕಳಿಸಿಯೇನ?’

ಖಾನೆಯಲ್ಲಿ ತುಂಬಿದ್ದು ಫೈಲಿನೊಳಗೆ ಇತ್ತು. ಆದರೆ ಅದು ಹಾಳೆಯ ಮೇಲೆ ಹೇಗೆ ಕಾಣಬೇಕು ಎಂಬ ಚಿತ್ರ ಜೊತೆಗೆ ಹೋಗಿರಲಿಲ್ಲ. ವಾಟ್ಸಾಪಿನಲ್ಲಿ ಇಣುಕಿದರೆ ಖಾಲಿ. ಇನ್ನೊಂದು ಆ್ಯಪ್ ಹಾಕಿಸಿ ತೆರೆಸಿದೆ. ಈಗ ಅಕ್ಷರ ಕಂಡವು, ಒತ್ತಕ್ಷರ ಒಡೆದಿದ್ದವು. ಅಜ್ಜಿ ಬಸವ್ವನ ವಕಾರದ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತಿತ್ತು. ಖಾನೆಯೊಳಗಿನ ಕನ್ನಡವನ್ನು ಕೂಡಿಸಿ ತೋರಿಸಲು ಎಷ್ಟೋ ಆ್ಯಪ್‌ಗಳಿಗೆ ಬರುವುದಿಲ್ಲ, ಇಂಗ್ಲಿಷ್ ಆದರೆ ಬರುತ್ತೆ. ಕೊನೆಗೆ ಖಾನೆಗಳನ್ನೆಲ್ಲ ಕಿತ್ತು, ತುಂಬಿದ ಅಕ್ಷರವನ್ನು ಹಾಳೆಗೇ ಅಂಟಿಸಿ, ಮಾಮೂಲಿ ಪಿಡಿಎಫ್ ಮಾಡಿ ಕಳಿಸಿದೆ. ದಿನವಿಡೀ ಖಾನೆ ಮಾಡಿದ್ದು ಖಾನೆ ಕೀಳುವುದಕ್ಕೆ. ಅಪ್ಪನಿಗೆ ಬೇಕಾದೀತು ಅಂತ ಖಾಲಿಯದ್ದೂ ಒಂದು ಕಳಿಸಿದೆ.

ಸೋಮವಾರ ಅಪ್ಪ ಎರಡನ್ನೂ ಪ್ರಿಂಟ್ ತೆಗೆಸಿಕೊಂಡು ಹೋದರು. ಸೊಸೈಟಿಯ ಕ್ಲಾರ್ಕ್ ನೋಡಿ, ‘ಇದು ನಮ್ಮ ಫಾರ್ಮ್ ಅಲ್ರೀ ಸರ್. ನಮ್ಮ ಫಾರ್ಮಿನಾಗ ಬರದು ತರ್ರಿ’ ಅಂದರಂತೆ. ಅಪ್ಪ ನಿವೃತ್ತ ಮಾಸ್ತರರು, ವಾದಕ್ಕೆ ನಿಲ್ಲಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಟೇಬಲ್ ಹಾಕಿಕೊಂಡು ಕೂರುವ ಅರ್ಜಿ ಬರೆಯುವ ಕಾಕಾನ ಹತ್ತಿರ ಹೋದರು.

ಇಲ್ಲಿಯವರೆಗೆ ನಾನು ಜರ್ಮನಿಯ ಕಡೆ ಇದ್ದೆ. ಈಗಲೂ ಇದ್ದೀನಿ, ಸ್ವಲ್ಪ ಕಡಿಮೆ.

ಕಾಕಾ ಪೆನ್ನು ತೆಗೆಯುವ ಮೊದಲು ಕೇಳಿದ್ದು ಫಾರ್ಮಿನಲ್ಲಿ ಇಲ್ಲದ ಪ್ರಶ್ನೆ. ‘ಮಾಸ್ತರ, ಅಮ್ಮಾರ ಹೆಸರು ಶೇರಿನ ಕಾಗದದಾಗ ಹೆಂಗೈತಿ? ಮರಣದ ದಾಖಲಾದಾಗ ಹೆಂಗೈತಿ?’ ಶೇರಿನಲ್ಲಿ ಬಸವ್ವ. ಮರಣ ದಾಖಲೆಯಲ್ಲಿ ಬಸಮ್ಮ. ನಾನು ಎರಡೂ ಕಾಗದ ನೋಡಿದ್ದೆ, ನೋಡಿಯೂ ನೋಡಿರಲಿಲ್ಲ. ಎರಡೂ ಒಬ್ಬರೇ ಅಂತ ಮೊದಲೇ ಅಫಿಡವಿಟ್ ಮಾಡಿಸಿಕೊಂಡು ಒಳಗೆ ಹೋಗಿ, ಇಲ್ಲದಿದ್ದರೆ ತಿಂಗಳು ಬಿಟ್ಟು ವಾಪಸ್ ಕಳಿಸ್ತಾರೆ ಅಂದರಂತೆ. ಒಂದು ಕಾಗದದಲ್ಲಿ ಅವ್ವ, ಇನ್ನೊಂದರಲ್ಲಿ ಅಮ್ಮ ಆದವರು ನಮ್ಮ ಕಡೆ ಮನೆಗೊಬ್ಬರು. ಇದು ಆ ಕಾಕಾನಿಗೆ ಗೊತ್ತು, 22 ಮನೆ ಎಣಿಸುವ ಪಿಡಿಎಫ್‌ಗೆ ಗೊತ್ತಿಲ್ಲ. ತಗೊಂಡದ್ದು ಐವತ್ತು ರೂಪಾಯಿ. 19ರ ಮೇಲೆ 20 ತಿದ್ದಿ ಕೊಟ್ಟರು. ಎರಡನೇ ಸಲಕ್ಕೆ ಕೆಲಸ ಆಯಿತು.

ಈಜಿನ ಸಂಘದ ಕಥೆಯೂ ಪೂರ್ತಿ ಹೇಳಿಬಿಡ್ತೀನಿ, ಮೊದಲು ಬೇಕಂತಲೇ ಬಿಟ್ಟಿದ್ದೆ. ಆ ಚೆಂದದ ಫಾರ್ಮ್ ತುಂಬಿದ ಮೇಲೆ ಕೊನೆಯ ಸಾಲಿನಲ್ಲಿ ಏನಿತ್ತು ಅಂದರೆ, ಪ್ರಿಂಟ್ ತೆಗೆದು, ಪೆನ್ನಿನಲ್ಲಿ ಸಹಿ ಮಾಡಿ, ಅಂಚೆಯಲ್ಲಿ ಕಳಿಸಿ. ಪ್ರಿಂಟರ್ ಆನ್ ಮಾಡಿದ್ದು ದಂಡವಾಗಲಿಲ್ಲ. ಉತ್ತರವೂ ಅಂಚೆಯಲ್ಲೇ ಬಂತು, ಮೂರು ವಾರಕ್ಕೆ. ಮಗಳ ಹೆಸರು ಕಾಯುವವರ ಪಟ್ಟಿಯಲ್ಲಿದೆಯಂತೆ. ಇಲ್ಲಿ ಒಂದು ಜಾಗದ ದಾಖಲೆ ನೋಡಬೇಕಾದರೂ ನಿಮಗೇಕೆ ಬೇಕು ಅಂತ ಕಾರಣ ಕೊಡಬೇಕು. ನಮ್ಮ ಹೊಲದ ಉತಾರ ನಾನು ಸ್ಟುಟ್‌ಗಾರ್ಟಿನ ಟ್ರಾಮಿನಲ್ಲಿ ಕೂತು ಫೋನಿನಲ್ಲಿ ನೋಡಬಲ್ಲೆ. ಹೊಲದ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದ ಕರ್ನಾಟಕದ ಭೂಮಿ ಯೋಜನೆ ಶುರುವಾಗಿ ಕಾಲು ಶತಮಾನ ಆಯಿತು. ಇದನ್ನು ಇಲ್ಲಿನ ಗೆಳೆಯನಿಗೆ ಹೇಳಿದಾಗ ಅವನು ನಂಬಲೇ ಇಲ್ಲ, ತೋರಿಸಿದ ಮೇಲೆ ಸುಮ್ಮನಾದ.

ಆದರೂ ಆ ಖಜಾಂಚಿ ಹೆಂಡತಿಯ ಕೈಲಿ ತುಂಬಿಸಿ ನೋಡಿದರು ನೋಡಿ, ಅದನ್ನು ನಾನು ಮರೆಯಲಾರೆ. ನಮ್ಮಲ್ಲಿ ಫಾರ್ಮ್ ಮಾಡಿದವರು ಯಾರೂ ಅದನ್ನು ಕೂತು ತುಂಬಿದ ಹಾಗೆ ಕಾಣಲ್ಲ. ತುಂಬಿದ್ದರೆ ವಿಳಾಸಕ್ಕೆ ಎರಡು ಇಂಚು, ತಾಲೂಕಿಗೆ ನಾಲ್ಕು ಇಂಚು ಜಾಗ ಬಿಡುತ್ತಿದ್ದರಾ? ನಾನೂ ಅವರ ಪೈಕಿಯೇ ಅನ್ನಿ. ಅಪ್ಪನ ಫೋನಿನಲ್ಲಿ ಹೇಗೆ ಕಾಣುತ್ತೆ ಅಂತ ಒಮ್ಮೆಯೂ ಯೋಚಿಸದೆ ಶನಿವಾರ ಪೂರ್ತಿ ಕಳೆದೆ.

ಮೊನ್ನೆ ಅಪ್ಪ ಫೋನಿನಲ್ಲಿ ನಗುತ್ತಾ ಹೇಳಿದರು. ಅವತ್ತು ಕ್ಲಾರ್ಕಿನ ಟೇಬಲ್ ಮೇಲೆ ನನ್ನ ಖಾಲಿ ಫಾರ್ಮ್ ಬಿಟ್ಟು ಬಂದಿದ್ದರಂತೆ. ಮುಂದಿನ ವಾರ ಡಿವಿಡೆಂಡ್ ಕೇಳಲು ಹೋದರೆ ಆ ಕ್ಲಾರ್ಕೇ, ‘ಸರ್, ನಿಮ್ಮ ಮಗಾ ಮಾಡಿದ್ದು ಚೊಲೊ ಐತ್ರಿ. ಜಿಲ್ಲಾ ಹೊಡದು ಬರಿಯೂದು ತಪ್ಪಿತು’ ಅಂದರಂತೆ. ಈಗ ಅದನ್ನೇ ಎಲ್ಲರಿಗೂ ಜೆರಾಕ್ಸ್ ಮಾಡಿ ಕೊಡುತ್ತಿದ್ದಾರೆ. ಅಪ್ಪ ಒಂದರ ಫೋಟೋ ಕಳಿಸಿದ್ದಾರೆ. ಆಗಲೇ ಸ್ವಲ್ಪ ಎಡಕ್ಕೆ ವಾಲಿದೆ.