ಬೈಗುಳಕ್ಕೆ ಪ್ರಾಸ ಕಟ್ಟಿದರೆ ವಿಡಂಬನೆಯಾಗುವುದಿಲ್ಲ

ಬೆಳಿಗ್ಗೆಯಿಂದ ಒಂದು ‘ವಿಡಂಬನಾ ಕವನ’ ಜಾಲತಾಣದಲ್ಲಿ ಎಲ್ಲರ ಗೋಡೆಯಲ್ಲೂ ಓಡಾಡುತ್ತಿದೆ. ಹದಿನಾರು ಸಾಲು. ಒಬ್ಬ ಮಂತ್ರಿಯನ್ನೂ, ಅವರ ಕೈಯಿಂದ ಪ್ರಶಸ್ತಿ ಪಡೆದ ಸಾಹಿತಿಯನ್ನೂ ಕತ್ತೆ, ನಾಯಿ, ನರಿ ಎಂದು ಕರೆದು ಮುಗಿಸಿದ್ದಾರೆ. ಪ್ರಾಸವೆಂದರೆ ಬಂದರು, ತಿಂದರು, ಕೊಂದರು. ಕೆಳಗೆ ‘ಬೈರನ್ ನೆನಪಾದ’ ಎಂಬ ಮೆಚ್ಚುಗೆ ಬೇರೆ! ನನಗೆ ಸಿಟ್ಟು ಬಂದದ್ದು ಅಲ್ಲಿ.

ಇಂಗ್ಲಿಷ್ ಕವಿ ಬೈರನ್ ಮಾಡಿದ್ದೇನು ನೋಡಿ. 1820ರಲ್ಲಿ ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ತೀರಿಕೊಂಡ. ಮರುವರ್ಷ ಆಸ್ಥಾನಕವಿ ರಾಬರ್ಟ್ ಸೌಥಿ, ದೊರೆಯ ಸ್ವರ್ಗಪ್ರವೇಶವನ್ನು ಕೊಂಡಾಡಿ ‘ವಿಷನ್ ಆಫ್ ಜಡ್ಜ್‌ಮೆಂಟ್’ ಎಂಬ ಕಾವ್ಯ ಬರೆದ. ಮುನ್ನುಡಿಯಲ್ಲಿ ಬೈರನ್‌ನಂಥವರನ್ನು ಸೈತಾನ ಪಂಥದವರೆಂದು ಜರೆದ. 1822ರಲ್ಲಿ ಬೈರನ್‌ನ ಉತ್ತರ ಬಂತು: ಅದೇ ಹೆಸರು, ಅದೇ ಸ್ವರ್ಗದ ಬಾಗಿಲು, 106 ಪದ್ಯ. ಪದ್ಯಕ್ಕೆ 8 ಸಾಲು. ಮೊದಲ ಆರರಲ್ಲಿ ಎರಡು ಪ್ರಾಸಗಳು ಒಂದು ಬಿಟ್ಟು ಒಂದು ಸಾಲಿಗೆ ಬರುತ್ತವೆ, ಕೊನೆಯ ಎರಡಕ್ಕೆ ಹೊಸ ಪ್ರಾಸ. ಆರು ಸಾಲಲ್ಲಿ ಕಟ್ಟಿದ್ದನ್ನು ಎರಡರಲ್ಲಿ ಕೆಡವುತ್ತಾನೆ. ಏಟು ಎಲ್ಲಿ ಬೀಳುತ್ತದೆಂದು ಓದುಗನಿಗೆ ಗೊತ್ತು, ಎಂಥ ಏಟೆಂದು ಗೊತ್ತಿಲ್ಲ.

ಸೌಥಿ ಕಾಣಿಸಿಕೊಳ್ಳುವುದೇ ಎಂಬತ್ತು ಪದ್ಯ ದಾಟಿದ ಮೇಲೆ. ಅಲ್ಲಿಯವರೆಗೆ ದೊರೆಯ ವಿಚಾರಣೆ. ಆತ ಒಳ್ಳೆಯ ಗಂಡ, ಮನೆಯಲ್ಲಿ ಮಿತವಾಗಿ ಬದುಕಿದವ ಎಂಬುದನ್ನು ಬೈರನ್ ಸೈತಾನನ ಬಾಯಲ್ಲೇ ಒಪ್ಪಿಸುತ್ತಾನೆ. ಆಮೇಲೆ ಆರೋಪ: ಅಮೆರಿಕ, ಯುದ್ಧಗಳು, ಕ್ಯಾಥೊಲಿಕರಿಗೆ ಹಕ್ಕು ಕೊಡದೆ ಹೋದದ್ದು. ಇಷ್ಟು ಒಪ್ಪಿಕೊಂಡವನ ಆರೋಪವನ್ನು ದ್ವೇಷವೆಂದು ತಳ್ಳಿಹಾಕುವುದು ಸುಲಭವಲ್ಲ. ನಮ್ಮ ಹದಿನಾರು ಸಾಲಲ್ಲಿ ಮಂತ್ರಿ ಮಾಡಿದ ಒಂದೇ ಒಂದು ಕೆಲಸದ ಹೆಸರಿಲ್ಲ. ಯಾವ ಕಡತ, ಯಾವ ಮಾತು, ಯಾವ ತಾರೀಖು?

ಸೌಥಿಯ ಸರದಿಯಲ್ಲಿ ಬೈಗುಳ ಇಲ್ಲವೆಂದಲ್ಲ. ಪ್ರತಿ ಬೈಗುಳದ ಬೆನ್ನಿಗೂ ದಾಖಲೆ ಇದೆ. ಹರೆಯದಲ್ಲಿ ರೈತದಂಗೆಯ ವಾಟ್ ಟೈಲರ್‌ನ ಮೇಲೆ ನಾಟಕ ಬರೆದಿದ್ದವನು 1813ರಲ್ಲಿ ಆಸ್ಥಾನಕವಿಯಾಗಿದ್ದ. ರಾಜಹಂತಕನನ್ನು ಹೊಗಳಿದ, ರಾಜರನ್ನೂ ಹೊಗಳಿದ, ಗಣರಾಜ್ಯದ ಪರ ಬರೆದ, ವಿರುದ್ಧವೂ ಬರೆದ ಎಂದು ಬೈರನ್ ಪಟ್ಟಿ ಓದುತ್ತಾನೆ. ಆಮೇಲೆ ಸೌಥಿ ಸೈತಾನನಿಗೇ ‘ನಿನ್ನ ಜೀವನಚರಿತ್ರೆ ಬರೆದುಕೊಡಲೇ, ಎರಡು ಸಂಪುಟ, ಚೆಂದದ ರಟ್ಟು’ ಎನ್ನುತ್ತಾನೆ. ಸೈತಾನ ಒಲ್ಲೆನೆಂದರೆ ದೇವದೂತ ಮೈಕೇಲನ ಕಡೆ ತಿರುಗುತ್ತಾನೆ. ಆ ಒಂದು ತಿರುಗುವಿಕೆ ಸಾಕು, ನರಿ ಎನ್ನಬೇಕಿಲ್ಲ. ಪ್ರಕಟಿಸಿದ ಜಾನ್ ಹಂಟ್‌ಗೆ 1824ರಲ್ಲಿ 100 ಪೌಂಡ್ ದಂಡ ಬಿತ್ತು. ಚುಚ್ಚಿದ್ದು ನೆಟ್ಟಗೆ ತಾಗಿತ್ತು.

‘ಜನಕ್ಕೆ ಬೇಗ ಅರ್ಥವಾಗಬೇಕು, ಮಾತ್ರೆ ಯಾರು ಎಣಿಸುತ್ತಾರೆ?’ ಎನ್ನುವವರಿದ್ದಾರೆ. ಮಾತ್ರೆಯೆಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಕಾಲದ ಅಳತೆ. ಬೆರಳು ಎಣಿಸದಿದ್ದರೂ ಕಿವಿ ಎಣಿಸುತ್ತದೆ. ಉತ್ತರ ಕನ್ನಡದ ದಿನಕರ ದೇಸಾಯಿಯವರ ಚೌಪದಿಗಳು, ಅಂದರೆ ನಾಲ್ಕು ಸಾಲಿನ ಪದ್ಯಗಳು, ಜನರ ಬಾಯಲ್ಲಿ ಉಳಿದದ್ದು ನಡೆ ತಪ್ಪದ್ದರಿಂದ. 1967ರಲ್ಲಿ ಲೋಕಸಭೆಗೆ ಗೆದ್ದ ಮನುಷ್ಯ ಅವರು, ರಾಜಕಾರಣವನ್ನು ಒಳಗಿನಿಂದ ಬಲ್ಲವರು. ಜನಕ್ಕೆ ಅರ್ಥವಾಗಲೆಂದು ಛಂದಸ್ಸು ಬಿಡಬೇಕೆಂಬುದು ಸೋಮಾರಿತನದ ವಾದ.

ಚೌಪದಿ ಕಟ್ಟುವಾಗ ಐದೈದು ಮಾತ್ರೆಯ ನಾಲ್ಕು ಗಣ (ಮಾತ್ರೆಗಳ ಗುಂಪು), ಸಾಲಿಗೆ 20 ಮಾತ್ರೆ ಎಂದು ಹಿಡಿಯಿರಿ. ‘ಮಂತ್ರಿಗಳು’ ಐದು ಮಾತ್ರೆ, ಸರಿಯಾಗಿ ಕೂರುತ್ತದೆ. ‘ಶಾಸಕರು’, ‘ಅಧ್ಯಕ್ಷ’ ಕೂಡ. ‘ಸಚಿವರು’ ನಾಲ್ಕೇ. ಇಲ್ಲೇ ಎಡವುವುದು: ಒಂದು ಮಾತ್ರೆ ಬೇಕಿದ್ದಲ್ಲಿ ಮೂರು ಮಾತ್ರೆಯ ‘ನೋಡಿ’ ತುರುಕುತ್ತಾರೆ, ನಡೆ ಕುಂಟುತ್ತದೆ. ವಿಭಕ್ತಿ ಬದಲಿಸಿ ‘ಸಚಿವರಿಗೆ’ ಎನ್ನಿ, ಗಣ ತುಂಬುತ್ತದೆ. ಪ್ರಾಸದಲ್ಲಿ ಕ್ರಿಯಾಪದಕ್ಕೆ ಕ್ರಿಯಾಪದ ಜೋಡಿಸಬೇಡಿ. ‘ದರು’ ಎಂದು ಮುಗಿಯುವ ಪದ ಕನ್ನಡದಲ್ಲಿ ಬೇಕಾದಷ್ಟಿವೆ, ಕಿವಿಗೆ ಅಚ್ಚರಿಯೇ ಇಲ್ಲ. ‘ಟೆಂಡರು’ ಎಂದ ಸಾಲಿಗೆ ‘ಉಂಡರು’ ತಂದು ನಿಲ್ಲಿಸಿ. ಕಚೇರಿಯ ಮಾತಿಗೆ ಊಟದ ಮಾತು ಎದುರಾದಾಗ ಆರೋಪ ಪ್ರಾಸದೊಳಗೇ ಇರುತ್ತದೆ. ಏಟಿನ ಪದ ನಾಲ್ಕನೆಯ ಸಾಲಿನ ಕೊನೆಗೆ ಬರಲಿ, ಎರಡನೆಯ ಸಾಲಲ್ಲೇ ಖರ್ಚು ಮಾಡಿದರೆ ಉಳಿದೆರಡು ಬರಿ ವಿವರಣೆ.

ಆ ಹದಿನಾರು ಸಾಲು ಬರೆದವರಿಗೆ ಹೇಳುತ್ತೇನೆ: ಪ್ರಾಣಿಗಳನ್ನೆಲ್ಲ ತೆಗೆಯಿರಿ. ಆ ಸಾಹಿತಿ ಪ್ರಶಸ್ತಿಗೆ ಮೊದಲು ಬರೆದದ್ದನ್ನೂ ಆಮೇಲೆ ಬರೆದದ್ದನ್ನೂ ಅಕ್ಕಪಕ್ಕ ಇಟ್ಟು ನಾಲ್ಕೇ ಸಾಲು ಕಟ್ಟಿ. ನಾನೇ ಹಂಚುತ್ತೇನೆ.