ಆ ಮಾತು ಸಿನಿಮಾದಲ್ಲಿ ಇಲ್ಲವೇ ಇಲ್ಲ!

ಸಿನಿಮಾದ ಮರೆಯಲಾಗದ ಮಾತುಗಳ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ, ಆದ್ರೆ ಒಂದು ತಕರಾರು. 'ಕಾಸಾಬ್ಲಾಂಕಾ'ದ (1942) ಮರೆಯಲಾಗದ ಮಾತು ಅಂತ 'ಪ್ಲೇ ಇಟ್ ಅಗೇನ್, ಸ್ಯಾಮ್' ಕೊಟ್ಟಿದ್ದೀರಿ. ಇಡೀ ಸಿನಿಮಾದಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಇಂಗ್ರಿಡ್ ಬರ್ಗ್‌ಮನ್ ಹೇಳುವುದು ಬರೀ 'ಪ್ಲೇ ಇಟ್, ಸ್ಯಾಮ್'. 'ಅಗೇನ್' ಜನ ಸೇರಿಸಿಕೊಂಡಿದ್ದು. ಇನ್ನೊಂದು ತಮಾಷೆ, ಕೆಫೆಯ ಪಿಯಾನೋ ವಾದಕ ಸ್ಯಾಮ್ ಆಗಿದ್ದ ಡೂಲಿ ವಿಲ್ಸನ್‌ಗೆ ಪಿಯಾನೋ ಬರುತ್ತಲೇ ಇರಲಿಲ್ಲ, ಅವರು ಡ್ರಮ್ಸ್ ಬಾರಿಸುವವರು!

ನನ್ನನ್ನು ಮಾತಿಗಿಂತ ಜಾಸ್ತಿ ಕಾಡುವುದು ಹಾಡಿನ ದೃಶ್ಯ. ಜರ್ಮನ್ ಅಧಿಕಾರಿಗಳು ಪಿಯಾನೋ ಸುತ್ತ ನಿಂತು ಜೋರಾಗಿ ಹಾಡುತ್ತಿರುತ್ತಾರೆ, ನಾಜಿಗಳ ವಿರುದ್ಧ ಹೋರಾಡುವ ಲಾಸ್ಲೋ ಸೀದಾ ಬ್ಯಾಂಡಿನವರ ಹತ್ತಿರ ಹೋಗಿ ಫ್ರೆಂಚ್ ರಾಷ್ಟ್ರಗೀತೆ ನುಡಿಸಿ ಅನ್ನುತ್ತಾನೆ, ಅವರು ಕೆಫೆ ಮಾಲೀಕ ರಿಕ್ (ಹಂಫ್ರಿ ಬೋಗಾರ್ಟ್) ಕಡೆ ನೋಡುತ್ತಾರೆ. ರಿಕ್ ಸುಮ್ನೆ ಚೂರು ತಲೆಯಾಡಿಸುತ್ತಾನೆ. ಅಷ್ಟೇ. ಡೈಲಾಗೇ ಇಲ್ಲ. ಆಮೇಲೆ ಇಡೀ ಕೆಫೆ ಎದ್ದು ನಿಂತು ಹಾಡುತ್ತೆ, ಅಲ್ಲಿದ್ದ ಇವೊನ್ ಎಂಬ ಹುಡುಗಿಯ ಕಣ್ಣಲ್ಲಿ ನೀರು. ಆ ಪಾತ್ರ ಮಾಡಿದ ಮ್ಯಾಡ್ಲೀನ್ ಲೆಬೋ ನಿಜಕ್ಕೂ ನಾಜಿಗಳಿಂದ ತಪ್ಪಿಸಿಕೊಂಡು ಫ್ರಾನ್ಸ್ ಬಿಟ್ಟು ಬಂದವರು. ಸುತ್ತ ಇದ್ದ ಎಷ್ಟೋ ನಟರೂ ಯುರೋಪಿನಿಂದ ಓಡಿಬಂದವರೇ. ಗ್ಲಿಸರಿನ್ ಬೇಕಾಗಿರಲಿಲ್ಲ ಬಿಡಿ. ನಾಜಿ ಮೇಜರ್ ಆಗಿದ್ದ ಕಾನ್ರಾಡ್ ವೈಟ್ ಕೂಡ ಹಿಟ್ಲರ್ ಬಂದ ಮೇಲೆ ಜರ್ಮನಿ ಬಿಟ್ಟವರು, ಎಂಥಾ ವಿಚಿತ್ರ ಅಲ್ವಾ?

ನೀವು ಹೊಗಳಿರುವ ಕೊನೆಯ ಗೆಳೆತನದ ಮಾತು, ಅಂದ್ರೆ ರಿಕ್ ಪೊಲೀಸ್ ಅಧಿಕಾರಿ ಲೂಯಿಗೆ 'ಇದು ಒಂದು ಸುಂದರ ಗೆಳೆತನದ ಆರಂಭ' ಅನ್ನುವುದು, ಶೂಟಿಂಗ್ ಮುಗಿದ ಮೇಲೆ ಹಂಫ್ರಿ ಬೋಗಾರ್ಟ್ ಅವರನ್ನು ಕರೆಸಿ ಡಬ್ ಮಾಡಿಸಿದ್ದು. ಮತ್ತೊಮ್ಮೆ ನೋಡಿ, ಅಲ್ಲಿ ಮಂಜಿನಲ್ಲಿ ಇಬ್ಬರ ಬೆನ್ನು ಮಾತ್ರ ಕಾಣುತ್ತದೆ.